ಮೆದು ಮರಳು

ಚೈನಿನೊಳಗಿನ ಮರಳು ತೆಗೆದಷ್ಟೂ ಬರುತ್ತಲೇ ಇತ್ತು. ದೊಮ್ಮಲೂರಿನ ಮನೆಯ ಮುಂದಿನ ಸಿಮೆಂಟು ಜಾಗದಲ್ಲಿ ಲತೀಫನ ಯಮಹಾ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ, ಪ್ರೇಮ್‌ಕುಮಾರ್ ಹಿಂದಿನ ಚಕ್ರದ ಪಕ್ಕ ಮಣೆ ಹಾಕಿಕೊಂಡು ಕೂತಿದ್ದ. ಒಂದು ಹಳೇ ಡಬ್ಬಿಯಲ್ಲಿ ಸೀಮೆಎಣ್ಣೆ, ಕೈಯಲ್ಲಿ ಕೂದಲು ಚದುರಿದ ಹಲ್ಲುಜ್ಜುವ ಬ್ರಷ್ಷು. ಎಡಗೈಯಿಂದ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೊಂದೇ ಕೊಂಡಿಯನ್ನು ಉಜ್ಜುತ್ತಿದ್ದ. ಕರೀ ಎಣ್ಣೆಯ ಜೊತೆ ಮರಳಿನ ಕಣಗಳು ಕೆಳಗೆ ಹಾಸಿದ್ದ ಪೇಪರಿನ ಮೇಲೆ ಉದುರುತ್ತಿದ್ದವು. ಮುಗಿಯಿತೆಂದುಕೊಂಡು ಚಕ್ರವನ್ನು ಜೋರಾಗಿ ತಿರುಗಿಸಿ ಕಿವಿಗೊಟ್ಟರೆ ಮತ್ತೆ ಅದೇ ಕರಕರ ಸದ್ದು. ಅವನ ಬಾಲ್ಯದಲ್ಲಿ ಮರಳೆಂದರೆ ಲಾರಿಯಲ್ಲಿ ಬರುವ ವಸ್ತುವಾಗಿತ್ತು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ಓಣಿಯ ತುಂಬ ಮರಳಿನ ಗುಡ್ಡೆಗಳು ಬಿದ್ದಿರುತ್ತಿದ್ದವು. ಹೆಂಗಸರು ಅದನ್ನು ಜರಡಿ ಹಿಡಿಯುತ್ತಿದ್ದರು. ಸಂಜೆ ಅದರ ಮೇಲಿಂದ ಜಾರಿ ಚಡ್ಡಿ ಕೊಡವಿಕೊಂಡು ಮನೆಗೆ ಹೋದರೆ ಅಲ್ಲಿಗೆ ಅದು ಮುಗಿಯಿತು. ಈ ಸಮುದ್ರದ ಮರಳು ಹಾಗಲ್ಲ. ಉಪ್ಪಿನ ಅಂಟು ಹಿಡಿದುಕೊಂಡು ಒಳಗೆಲ್ಲೋ ಕೂತುಬಿಡುತ್ತದೆ. ಚೈನ್ ಕವರು ಬಿಚ್ಚಿದಾಗ ಅದರ ಮೂಲೆಯಲ್ಲಿ ಒಂದು ಹಿಡಿಯಷ್ಟು ಸಿಕ್ಕಿತ್ತು. ಆ ಮರಳನ್ನು ಎಲ್ಲಿ ಚೆಲ್ಲಬೇಕೆಂದು ತೋಚದೆ ಅವನು ಕೊಂಚ ಹೊತ್ತು ಅಂಗೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಕಾಂಪೌಂಡಿನ ಆಚೆ ಎಸೆದಿದ್ದ.

ಒಳಗೆ ಬಚ್ಚಲಲ್ಲಿ ದಿವ್ಯ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆಯಿಂದ ಅವಳು ಮಾತಾಡದೆ ಇರಲಿಲ್ಲ. ಹಾಲಿನವನು ಬರಲಿಲ್ಲ ಎಂದಿದ್ದಳು, ಗ್ಯಾಸು ಇವತ್ತೋ ನಾಳೆಯೋ ಮುಗಿಯುತ್ತೆ ಎಂದಿದ್ದಳು, ಹೊರಮಾವಿನಲ್ಲಿರುವ ತನ್ನ ತಂಗಿ ವೆಂಕಟಮ್ಮನ ಮನೆಗೆ ಹೋಗಿರುವ ಅತ್ತೆ ಸಂಜೆಗೆ ಬರ್ತಾರೆ, ಮುದ್ದೆಗೆ ಹಿಟ್ಟು ಇದೆ ಎಂದಿದ್ದಳು. ದನಿಯಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಅವನಿಗೆ ಕಷ್ಟವಾಗುತ್ತಿತ್ತು. ಮುಖ ಊದಿಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಾನೂ ಒಂದು ಮಾತು ಬೈದು ಸಮ ಮಾಡಿಕೊಳ್ಳಬಹುದಿತ್ತು. ಈಗ ಅವಳು ಹೊರಗೆ ಬಂದು ಚೂಡಿದಾರದ ಅಂಚನ್ನು ಕೊಡವಿ ತಂತಿಗೆ ಹಾಕುವಾಗ ಅದರಿಂದ ಬಿದ್ದ ನಾಲ್ಕು ಕಣ ಮರಳನ್ನು ನೋಡಿದಳೋ ಇಲ್ಲವೋ ಎನ್ನುವುದನ್ನು ಅವನು ಕಣ್ಣಂಚಿನಲ್ಲೇ ತಿಳಿಯಬೇಕಾಗಿತ್ತು. ನೋಡಿದ್ದಳು. ಕಾಲಿನಿಂದ ಅದನ್ನು ಮೋರಿಯ ಕಡೆ ಸರಿಸಿ ಒಳಗೆ ಹೋದಳು.

ಮದುವೆಗೆ ಮೊದಲು, ಮರ್ಫಿ ಟೌನಿನ ಅವಳ ಮನೆಗೆ ಹೆಣ್ಣು ನೋಡಲು ಹೋದಾಗ, ನಿನಗೇನೇನು ಬರುತ್ತಮ್ಮ ಎಂದು ಅವನ ತಾಯಿ ಪಟಾಲಮ್ಮ ಕೇಳಿದ್ದಳು. ದಿವ್ಯ ಕೊಂಚವೂ ಯೋಚಿಸದೆ, ಅಡುಗೆ ಅಷ್ಟಕ್ಕಷ್ಟೇ, ಮೋಟಾರ್ ಸೈಕಲ್ ಓಡಿಸ್ತೀನಿ ಎಂದಿದ್ದಳು. ಮಿಲಿಟರಿ ಗಾಡಿಗಳ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅವಳಪ್ಪ ಭಾನುವಾರಗಳಲ್ಲಿ ಹಲಸೂರಿನ ಮೈದಾನಕ್ಕೆ ಕರೆದುಕೊಂಡು ಹೋಗಿ ಕಲಿಸಿದ್ದರಂತೆ. ಪಟಾಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಿದ್ದಳು. ಪ್ರೇಮ್‌ಕುಮಾರನಿಗೆ ಎದೆಯುಬ್ಬಿತ್ತು. ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಸಿಕ್ಕ ಹಳೇ ಸ್ನೇಹಿತರ ಹತ್ತಿರ ಎಲ್ಲ, ನನ್ ಹೆಂಡ್ತಿ ಬೈಕ್ ಓಡಿಸ್ತಾಳೆ ಗುರು ಎಂದು ಎಷ್ಟು ಸಲ ಹೇಳಿಕೊಂಡಿದ್ದನೋ. ಅವರ ಮುಖದ ಮೇಲೆ ಮೂಡುತ್ತಿದ್ದ ಆಶ್ಚರ್ಯವೆಲ್ಲ ತನ್ನ ಪಾಲಿಗೇ ಬಂದ ಮರ್ಯಾದೆ ಎನ್ನಿಸುತ್ತಿತ್ತು. ಆದರೆ ಮನೆಯಲ್ಲಿದ್ದದ್ದು ಹಳೇ ಸ್ಕೂಟರು. ಅದನ್ನು ಅವನೇ ಓಡಿಸುತ್ತಿದ್ದ, ಅವಳು ಹಿಂದೆ ಅಡ್ಡಕ್ಕೆ ಕೂರುತ್ತಿದ್ದಳು. ಹೇಳಿಕೊಂಡಿದ್ದನೇ ಹೊರತು, ಅವಳು ಓಡಿಸುವುದನ್ನು ಅವನು ನಿನ್ನೆ ಶನಿವಾರದವರೆಗೂ ನೋಡಿಯೇ ಇರಲಿಲ್ಲ.

ಶುಕ್ರವಾರ ರಜೆಯಿತ್ತು. ಲತೀಫ್ ಅವನ ಕಾಲೇಜಿನ ಗೆಳೆಯ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಟ್ರಂಕು, ಸೂಟ್‌ಕೇಸು ಮಾರುವ ಅಂಗಡಿ. ಅವನ ಹತ್ತಿರ ಒಂದು ಬುಲೆಟ್ಟೂ, ತಾನು ಮೊದಲ ದುಡಿಮೆಯಲ್ಲಿ ತೆಗೆದುಕೊಂಡದ್ದೆಂದು ಯಾರಿಗೂ ಮುಟ್ಟಿಸದ ಈ ಯಮಹಾವೂ ಇದ್ದವು. ನೀನು ಭಾಭೀನ ಕರ್ಕೊಂಡ್ ಬಾ, ಯಮಹಾ ನಿಂಗೆ ಎಂದು ಅವನೇ ಕೂಗಿ ಕರೆದಿದ್ದ. ಆಫೀಸಿನ ಕೆಂಪರಾಜ್ ತನ್ನ ಗಾಡಿಯಲ್ಲಿ ಬಂದಿದ್ದ. ಮೂರು ಗಾಡಿ ತಮಿಳುನಾಡಿನ ಕಡೆ ಹೊರಟು, ಪಾಂಡಿಚೇರಿಗೂ ಮುಂಚೆ ಒಂದು ಮೀನುಗಾರರ ಹಳ್ಳಿಯ ಹತ್ತಿರ ತಂಗಿ, ಮಾರನೇ ದಿನ ಬೆಳಿಗ್ಗೆ ಗಾಡಿಗಳನ್ನು ಕಡಲ ದಂಡೆಗೇ ಇಳಿಸಿದ್ದರು. ನೀರು ಹಿಂದೆ ಸರಿದ ಕಡೆ ಮರಳು ಕಪ್ಪಗೆ, ಗಟ್ಟಿಯಾಗಿ, ಆಗತಾನೆ ತೊಳೆದ ಅಂಗಳದ ಹಾಗಿತ್ತು. ಲತೀಫ್ ಒಂದು ಸುತ್ತು ಹೋಗಿಬಂದ, ಕೆಂಪರಾಜ್ ಹೋಗಿಬಂದ. ಆಮೇಲೆ ಲತೀಫನೇ, "ಭಾಭಿ, ನೀವ್ ಓಡಿಸ್ತೀರಂತಲ್ಲ? ಈ ಪ್ರೇಮ್ ಹೇಳಿ ಹೇಳಿ ನಮ್ ಕಿವಿ ತೂತಾಗಿದೆ. ಎಲ್ಲಿ, ತೋರ್ಸಿ ನೋಡಣ" ಎಂದ. ಪ್ರೇಮ್‌ಕುಮಾರನೂ ನಕ್ಕು ಕೀಲಿ ಕೊಟ್ಟ. ಕೊಟ್ಟದ್ದು ತಾನೇ ಎನ್ನುವುದು ಈಗ ಬ್ರಷ್ಷು ಹಿಡಿದು ಕೂತಾಗ ಅವನಿಗೆ ಚೆನ್ನಾಗಿ ನೆನಪಿತ್ತು.

ದಿವ್ಯ ದುಪಟ್ಟಾ ಸೊಂಟಕ್ಕೆ ಸುತ್ತಿ ಬಿಗಿದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದೇ ಒದೆತಕ್ಕೆ ಗಾಡಿ ಸ್ಟಾರ್ಟ್ ಮಾಡಿ, ಅವಸರವಿಲ್ಲದೆ ಒದ್ದೆ ಮರಳಿನ ಅಂಚು ಹಿಡಿದು ಹೊರಟಳು. ಬೆನ್ನು ನೆಟ್ಟಗಿತ್ತು, ಮೊಣಕೈ ಸಡಿಲವಾಗಿತ್ತು. ಗಾಡಿಯ ಸದ್ದು ಒಂದೊಂದೇ ಗೇರಿಗೆ ಏರುತ್ತ ಏರುತ್ತ ಸಣ್ಣಗಾಯಿತು. ಹಿಂದೆ ಚಕ್ರದ ಗುರುತು ದಾರ ಎಳೆದ ಹಾಗೆ ಒಂದೇ ಗೆರೆಯಾಗಿ ಬಿತ್ತು. ದೂರದಲ್ಲಿ ಅಗಲವಾಗಿ ತಿರುಗಿ, ತೆಳ್ಳನೆಯ ನೀರಿನ ಮೇಲಿಂದಲೇ, ಎರಡೂ ಕಡೆ ನೀರು ಚಿಮ್ಮಿಸುತ್ತ ವಾಪಸು ಬಂದಳು. ಮುಖದಲ್ಲಿ ನಗುವಿರಲಿಲ್ಲ, ಅದು ನಗುವಿಗಿಂತ ಹೆಚ್ಚಿನದೇನೋ, ಅವನು ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಂಡಿರದ ಮುಖ. ಕೆಂಪರಾಜ್ ಸಿಳ್ಳೆ ಹಾಕಿದ. ಲತೀಫ್ ಚಪ್ಪಾಳೆ ತಟ್ಟಿ, "ಏ ಪ್ರೇಮ್, ನಿಂಗಿಂತ ಚೆನ್ನಾಗಿ ಓಡಿಸ್ತಾರಲ್ಲೋ!" ಎಂದ. ತಮಾಷೆಗೆ ಅಂದದ್ದೇ. ಅವನೂ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಿರುವಾಗಲೇ ಒಳಗೆ ಇಂದಿರಾನಗರದಲ್ಲಿ ಲೈಸೆನ್ಸಿಗೆಂದು ನೆಲದ ಮೇಲೆ ಬರೆದ ಎಂಟರ ಸುತ್ತ ಗಾಡಿ ತಿರುಗಿಸುವಾಗ ಕಾಲು ನೆಲಕ್ಕೆ ಊರಿದ್ದು, ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕೆಂದದ್ದು, ಇನ್ನೊಂದು ಸಲ ಬಾರಪ್ಪ ಎಂದು ಕಳಿಸಿದ್ದು ಎದ್ದುಬಂದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಓಡಿಸುತ್ತಾಳೆಂದು ಹೇಳಿಕೊಳ್ಳುವುದು ಬೇರೆ, ಕಣ್ಣೆದುರಿಗೆ ಅವಳು ಓಡಿಸುವುದು ಬೇರೆ ಎಂದು ಅವನಿಗೆ ಆ ಮರಳಿನ ಮೇಲೆ ನಿಂತಾಗಲೇ ಗೊತ್ತಾಯಿತು. ಗೊತ್ತಾದದ್ದಕ್ಕೆ ನಾಚಿಕೆಯೂ ಆಯಿತು. ಆದರೆ ನಾಚಿಕೆ ಅವನನ್ನು ತಡೆಯಲಿಲ್ಲ.

"ಹಿಂದೆ ಕೂತ್ಕೋ, ಆ ಬಂಡೆ ತನಕ ಹೋಗ್ಬರೋಣ" ಎಂದಿದ್ದ. ಬಂಡೆ ಅವಳು ತಿರುಗಿಬಂದ ಜಾಗಕ್ಕಿಂತ ಎಷ್ಟೋ ಆಚೆ ಇತ್ತು. ಸರ್ವೆ ಮರಗಳ ತೋಪು ದಾಟಿದ ಮೇಲೆ ಉಳಿದಿಬ್ಬರೂ ಕಣ್ಣಿಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ದಂಡೆ ಕಿರಿದಾಗಿ, ಅಲೆಯ ಅಂಚಿನವರೆಗೂ ಮರಳು ಬೆಳ್ಳಗೆ ಸಡಿಲವಾಗಿತ್ತು. ಅವಳು ಹಿಂದಿನಿಂದ ಏನೋ ಹೇಳಿದಳು. ಗಾಳಿಗೆ ಕೇಳಿಸಲಿಲ್ಲ ಎಂದುಕೊಂಡ. ಆಮೇಲೆ ಗಾಡಿ ಬಿತ್ತು. ಅಷ್ಟೇ. ಆ ಭಾಗಕ್ಕೆ ಬಂದಾಗಲೆಲ್ಲ ಅವನ ಮನಸ್ಸು ಮೆಟ್ಟಿಲು ತಪ್ಪಿದವನ ಹಾಗೆ ಒಂದು ಜಾಗ ಹಾರಿ ಮುಂದಿನದಕ್ಕೆ ಬಂದು ನಿಲ್ಲುತ್ತಿತ್ತು. ಮುಂದಿನದೆಂದರೆ ಲತೀಫ್ ಏದುಸಿರು ಬಿಡುತ್ತ ಓಡಿಬಂದದ್ದು, ಟ್ಯಾಂಕಿನ ಮೇಲಿನ ತಗ್ಗು ನೋಡಿ ಅವನ ಮುಖ ಒಂದು ಕ್ಷಣ ಬಿಳುಚಿದ್ದು, "ಯಾರೋ ಓಡಿಸ್ತಿದ್ದಿದ್ದು?" ಎಂದು ಕೇಳಿದ್ದು. ಪ್ರೇಮ್‌ಕುಮಾರ್ ಹೆಂಡತಿಯ ಕಡೆ ನೋಡಿದ. ನೋಡಿದ್ದಷ್ಟೇ; ಅಷ್ಟಕ್ಕೇ ಮುಕ್ಕಾಲು ಭಾಗ ಆಗಿಹೋಯಿತು. ಉಳಿದದ್ದನ್ನು ಬಾಯಿ ತಾನಾಗಿ ಹೇಳಿತು: "ಇನ್ನೊಂದ್ ರೌಂಡ್ ಅಂದ್ಲು. ಕೊಟ್ಟೆ."

ದಿವ್ಯ ಮೊಣಕಾಲಿನ ಮರಳು ಕೊಡವುತ್ತಿದ್ದವಳು ಕೊಡವುತ್ತಲೇ ಇದ್ದಳು. ಲತೀಫನ ಮುಖ ತಕ್ಷಣ ಮರ್ಯಾದೆಯ ಮುಖವಾಯಿತು. "ಪರ್ವಾಗಿಲ್ಲ ಭಾಭಿ, ಗಾಡಿ ಏನು, ಇವತ್ತು ಬೀಳುತ್ತೆ ನಾಳೆ ಏಳುತ್ತೆ. ನಿಮ್ಗೇನೂ ಆಗಿಲ್ವಲ್ಲ?" ಎಂದ. ಬೈಯುವುದಕ್ಕೆ ಆಗದವರ ಹತ್ತಿರ ಆಡುವ ಮಾತು ಅದು. ಕೆಂಪರಾಜ್ ವಾಪಸು ಬರುವಾಗ ಟೀ ಅಂಗಡಿಯಲ್ಲಿ, "ಹೆಂಗಸ್ರ ಕೈಗೆ ಕ್ಲಚ್ ಕೊಟ್ರೆ ಇಷ್ಟೇ ಮಗಾ" ಎಂದು ಕಣ್ಣು ಹೊಡೆದ. ಅವಳಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಅಂದ. ಅವಳು ಟೀ ಕುಡಿದು ಲೋಟ ಇಟ್ಟಳು. ದಾರಿಯುದ್ದಕ್ಕೂ ಬಟ್ಟೆಯ ಬ್ಯಾಗು ಅವನಿಗೂ ಅವಳಿಗೂ ಮಧ್ಯೆ ಇತ್ತು. ಹೋಗುವಾಗಲೂ ಅದು ಅಲ್ಲೇ ಇತ್ತೇ ಎಂದು ಅವನು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ಟೀ" ಎಂದು ಅವಳು ಲೋಟವನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟಳು. ಅರ್ಧ ಕಟ್ಟಿದ್ದ ಫ್ಲೈಓವರಿನ ಕಡೆಯಿಂದ ಲಾರಿಯೊಂದು ಹಾರನ್ ಒತ್ತುತ್ತ ಹೋಯಿತು. ಅವಳು ಬಗ್ಗಿ, ಬೆರಳಿನಿಂದ ಚೈನನ್ನು ಮೇಲಕ್ಕೆ ಕೆಳಕ್ಕೆ ಒತ್ತಿ ನೋಡಿದಳು.

"ಇನ್ನೂ ಇದೆ" ಎಂದಳು.

"ಗೊತ್ತು. ಎಷ್ಟು ಉಜ್ಜಿದ್ರೂ ಬರ್ತಿದೆ."

"ಬಿಚ್ಚಿ ಸೀಮೆಎಣ್ಣೇಲಿ ನೆನೆಹಾಕಿ. ಹಾಕ್ಕೊಂಡೇ ಉಜ್ಜಿದ್ರೆ ಹೋಗಲ್ಲ."

ಅವನು ಟೀ ಕುಡಿದು ಮುಗಿಸಿ, ಲಾಕು ತೆಗೆದು ಚೈನನ್ನು ಬಿಚ್ಚಿ ಡಬ್ಬಿಯೊಳಗೆ ಸುರುಳಿ ಸುತ್ತಿ ಇಳಿಸಿದ. ಅವಳು ಹೋಗಲಿಲ್ಲ. ಮುರಿದು ನೇತಾಡುತ್ತಿದ್ದ ಎಡಗಡೆಯ ಇಂಡಿಕೇಟರನ್ನು ಮುಟ್ಟಿ, ಬಿಟ್ಟು, "ಯಾವಾಗ ಕೊಟ್ಟು ಬರೋದು?" ಎಂದಳು.

"ಊಟ ಆದ್ಮೇಲೆ ಹೋಗ್ತೀನಿ."

"ನಾನೂ ಬರ್ತೀನಿ."

"ನೀನ್ಯಾಕೆ ಸುಮ್ನೆ?"

"ಗಾಡಿ ಬೀಳಿಸಿದೋಳು ಬಂದು ಒಂದ್ ಮಾತು ಹೇಳ್ದೇ ಇದ್ರೆ ಚೆನ್ನಾಗಿರಲ್ಲ" ಎಂದು ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ದನಿಯಲ್ಲಿ ಕೊಂಕು ಇತ್ತೇ ಎಂದು ಹುಡುಕಿದ. ಇರಲಿಲ್ಲ. ಆ ಹೊತ್ತಿಗೆ ಅವನು ನಿರ್ಧಾರ ಮಾಡಿದ: ಲತೀಫನಿಗೆ ನಿಜ ಹೇಳಿಬಿಡಬೇಕು, ಅವಳ ಎದುರಿಗೇ ಹೇಳಬೇಕು. ನಿರ್ಧಾರ ಮಾಡಿದ ಕೂಡಲೇ ಮೈ ಹಗುರಾಯಿತು. ಹೇಳಿಯೇ ಆಯಿತೇನೋ ಎನ್ನುವಷ್ಟು. ನೆನೆದ ಚೈನನ್ನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು ಹಾಕಿದ. ಚಕ್ರ ಈ ಸಲ ಸದ್ದಿಲ್ಲದೆ ತಿರುಗಿತು. ಇದನ್ನೂ ಅವಳೇ ಹೇಳಿಕೊಡಬೇಕಾಯಿತಲ್ಲ ಎಂದು ಒಂದು ಚಿಕ್ಕ ಕಿರಿಕಿರಿ ಬಂದುಹೋಯಿತು. ಅಂಥದ್ದೊಂದು ಯೋಚನೆ ತನ್ನಲ್ಲಿ ಇನ್ನೂ ಏಳುತ್ತಿರುವುದನ್ನು ಕಂಡು ಅವನಿಗೇ ಬೇಸರವಾಯಿತು.

ಲತೀಫನ ಮನೆ ಶಿವಾಜಿನಗರದ ಒಂದು ಕಿರಿದಾದ ಗಲ್ಲಿಯಲ್ಲಿ, ಮೊದಲನೇ ಮಹಡಿ. ಗಾಡಿಯನ್ನು ಕೆಳಗೆ ನಿಲ್ಲಿಸುವಾಗಲೇ ಅವನು ಲುಂಗಿಯಲ್ಲಿ ಇಳಿದುಬಂದ. ಟ್ಯಾಂಕಿನ ತಗ್ಗಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವನ ಹಾಗೆ ಸ್ವಲ್ಪ ಹೊತ್ತು ಹಿಡಿದ. ಆಮೇಲೆ ತಲೆ ಎತ್ತಿ, "ಚೈನ್ ಎಲ್ಲಾ ಕ್ಲೀನ್ ಮಾಡ್ಬಿಟ್ಟಿದೀಯಲ್ಲೋ, ಹೊಸಾದ್ ಆಗಿದೆ. ಬನ್ನಿ ಭಾಭಿ, ಮೇಲೆ ಬನ್ನಿ" ಎಂದ. ಮೇಲೆ ಅವನ ಹೆಂಡತಿ ಶಂಶುನ್ನೀಸಾ ಚಾಪೆ ಕೊಡವಿ ಹಾಸಿ, ಶರಬತ್ತು ತಂದಿಟ್ಟಳು. ದಿವ್ಯಳ ಮೊಣಕೈಯ ಗೀರು ನೋಡಿ, "ಅಯ್ಯೋ, ತುಂಬಾ ಪೆಟ್ಟಾಯ್ತಾ?" ಎಂದು ಕೈ ಹಿಡಿದುಕೊಂಡಳು. ಪ್ರೇಮ್‌ಕುಮಾರ್ ಶರಬತ್ತು ಮುಟ್ಟದೆ, ದಾರಿಯಲ್ಲೆಲ್ಲ ಮನಸ್ಸಿನಲ್ಲೇ ಆಡಿಕೊಂಡು ಬಂದ ಮಾತನ್ನು ಹೊರಗೆ ಹಾಕಿದ.

"ಲತೀಫ್, ಒಂದ್ ವಿಷ್ಯ. ಗಾಡಿ ಬೀಳಿಸಿದ್ದು ಇವಳಲ್ಲ. ನಾನು."

ಲತೀಫ್ ಅವನ ಮುಖ ನೋಡಿದ. ದಿವ್ಯಳ ಕಡೆ ನೋಡಿದ. ಹೆಂಡತಿಯ ಕಡೆಗೂ ಒಮ್ಮೆ ನೋಡಿ, ಮೆಲ್ಲಗೆ ನಗಲು ಶುರುಮಾಡಿದ.

"ಅರೆ ಯಾರ್, ಬಿಡೋ. ನಾನೇನ್ ಭಾಭಿ ಮೇಲೆ ಕೋಪ ಮಾಡ್ಕೊಂಡಿದೀನಾ?"

"ಇಲ್ಲ ಕಣೋ, ನಿಜವಾಗ್ಲೂ. ನಾನೇ ಓಡಿಸ್ತಿದ್ದೆ. ನಿನ್ನೆ ಸುಳ್ಳು ಹೇಳ್ದೆ."

"ಆಯ್ತಪ್ಪ, ನೀನೇ ಬೀಳಿಸ್ದೆ. ಒಪ್ಕೊಂಡೆ" ಎಂದು ಲತೀಫ್ ಅವನ ಭುಜದ ಮೇಲೆ ಕೈ ಹಾಕಿದ. "ನೋಡಿದ್ಯಾ ಶಂಶು? ಹೆಂಡ್ತಿಗೆ ಬೇಜಾರಾಗ್ಬಾರ್ದು ಅಂತ ತಪ್ಪು ತನ್ ತಲೆ ಮೇಲೆ ಹಾಕ್ಕೊಳ್ಳಕ್ಕೆ ದೊಮ್ಮಲೂರಿಂದ ಬಂದಿದಾನೆ."

"ನೀವೂ ಕಲೀರಿ" ಎಂದಳು ಶಂಶುನ್ನೀಸಾ. ಅವಳ ಕಣ್ಣಲ್ಲಿ ನಿಜವಾದ ಗೌರವವಿತ್ತು. ದಿವ್ಯಳ ಕೈ ಅದುಮಿ, "ನೀವು ಪುಣ್ಯವಂತರು" ಎಂದಳು.

ಪ್ರೇಮ್‌ಕುಮಾರ್ ಇನ್ನೊಮ್ಮೆ ಬಾಯಿ ತೆರೆದ. ಏನು ಹೇಳಿದರೂ ಅದು ತನ್ನ ದೊಡ್ಡತನಕ್ಕೇ ಸೇರಿಕೊಳ್ಳುತ್ತದೆ ಎನ್ನುವುದು ಹೊಳೆದು, ದಿವ್ಯಳ ಕಡೆ ತಿರುಗಿದ. ನೀನಾದರೂ ಹೇಳು ಎನ್ನುವ ಹಾಗೆ. ಅವಳು ಶರಬತ್ತನ್ನು ಕೊನೆಯ ಗುಟುಕಿನವರೆಗೂ ಕುಡಿದು, ಲೋಟ ಕೆಳಗಿಟ್ಟು, "ಗಾಡಿ ಬಗ್ಗೆ ಸಾರಿ ಭಾಯ್" ಎಂದಳು. ಲತೀಫ್ ಎರಡೂ ಕೈ ಅಡ್ಡ ಆಡಿಸಿ ಛೆ ಛೆ ಎಂದ. ಮೆಟ್ಟಿಲಿಳಿಯುವಾಗ ಪ್ರೇಮ್‌ಕುಮಾರನನ್ನು ಮಾತ್ರ ಹಿಂದಕ್ಕೆಳೆದು, "ಯಾವಾಗ್ ಬೇಕಾದ್ರೂ ಗಾಡಿ ತಗೊಂಡ್ ಹೋಗು. ಆದ್ರೆ ನೀನೇ ಓಡ್ಸು, ಆಂ? ಬೇಜಾರ್ ಮಾಡ್ಕೋಬೇಡ" ಎಂದ. ದಿವ್ಯ ನಾಲ್ಕು ಮೆಟ್ಟಿಲು ಕೆಳಗಿದ್ದಳು. ಒಂದು ಕ್ಷಣ ನಿಂತು, ಮತ್ತೆ ಇಳಿದಳು.

ಬಸ್ ಸ್ಟ್ಯಾಂಡಿನವರೆಗೆ ನಡೆದರು. ಭಾನುವಾರವಾದ್ದರಿಂದ ಬೀದಿಯ ತುಂಬ ಹಳೇ ಬಟ್ಟೆ, ಹಳೇ ಬೂಟು, ಹಳೇ ರೇಡಿಯೋ ಹರಡಿಕೊಂಡು ಕೂತಿದ್ದರು. ಅವಳು ಜನರ ಮಧ್ಯೆ ದಾರಿ ಮಾಡಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು. ಅವನು ಹಿಂದೆ ಹಿಂದೆ ಹೋಗಿ, ಒಂದು ಕಡೆ ಜೊತೆಯಾಗಿ, "ನಾನು ಹೇಳ್ದೆ. ಅವ್ನು ನಂಬ್ಲಿಲ್ಲ" ಎಂದ.

"ಹೂಂ."

"ನೀನೊಂದ್ ಮಾತು ಹೇಳಿದ್ರೆ ನಂಬ್ತಿದ್ದ."

ಅವಳು ನಿಂತಳು. ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. "ನಿನ್ನೆ ಅಲ್ಲೇ ಹೇಳಿದ್ರೆ ನಿಮ್ಮನ್ನ ಬೈತಿದ್ರು. ಇವತ್ತು ಹೊಗಳಿದ್ರು. ನಾನೇನ್ ಹೇಳ್ಲಿ? ಇನ್ನೂ ಸ್ವಲ್ಪ ಹೊಗಳಿ ಅಂತನಾ?" ಎಂದಳು. ದೊಮ್ಮಲೂರಿನ ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ಅವನು ಹಿಂದಿನ ಬಾಗಿಲಲ್ಲಿ. ನಿಂತವರ ತೋಳುಗಳ ಸಂದಿಯಿಂದ ಅವಳ ಕತ್ತಿನ ಹಿಂಭಾಗ ಕಾಣುತ್ತಿತ್ತು. ಬೈಯುವುದೆಂದರೆ ಒಂದು ಲೆಕ್ಕದಲ್ಲಿ ನಂಬುವುದು. ಆ ಬೈಗುಳ ತನ್ನ ಪಾಲಿಗೆ ಇನ್ನು ಯಾವತ್ತೂ ಬರುವುದಿಲ್ಲ ಎಂದು, ಬಸ್ಸು ಹಲಸೂರು ಕೆರೆಯ ಪಕ್ಕ ಹೊರಳುವಾಗ, ಕಂಬ ಹಿಡಿದು ನಿಂತಿದ್ದ ಅವನಿಗೆ ಅನ್ನಿಸಿತು.

ಮನೆ ಸೇರುವ ಹೊತ್ತಿಗೆ ಪಟಾಲಮ್ಮ ಹೊರಮಾವಿನಿಂದ ಬಂದು, ಕಾಲು ತೊಳೆದು, ಸೊಪ್ಪು ಬಿಡಿಸುತ್ತ ಕೂತಿದ್ದಳು. ಬಿಸಿಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಬಸ್ಸಿನಲ್ಲಿ ಸುಸ್ತಾಗಿದೆ, ಬೇಗ ಉಂಡು ಮಲಗ್ತೀನಿ ಎಂದಳು. ದಿವ್ಯ ಮುದ್ದೆ ತೊಳಸಿದಳು. ಮೂವರೂ ಅಡುಗೆಮನೆಯ ನೆಲದಲ್ಲೇ ತಟ್ಟೆ ಹಾಕಿಕೊಂಡು ಕೂತರು. ಪಟಾಲಮ್ಮ ಸೊಸೆಯ ಮೊಣಕೈ ನೋಡಿ, "ಅದೇನೇ ಅದು, ಕೆರ್ಕೊಂಡಿದೀಯ?" ಎಂದಳು.

ಪ್ರೇಮ್‌ಕುಮಾರ್ ತುತ್ತು ಕೆಳಗಿಟ್ಟ. ಇಲ್ಲಿಯಾದರೂ, ತಾಯಿಯ ಎದುರಿಗಾದರೂ. ಅವನು ಉಸಿರು ತೆಗೆದುಕೊಳ್ಳುವುದರೊಳಗೆ ದಿವ್ಯ, "ಗಾಡಿಯಿಂದ ಬಿದ್ದೆ ಅತ್ತೆ. ಸಮುದ್ರದ ಹತ್ರ" ಎಂದಳು.

"ನೀನಾ ಓಡಿಸ್ತಿದ್ದಿದ್ದು?"

"ಹೂಂ."

ಪಟಾಲಮ್ಮ ಬೈಯುತ್ತಾಳೆಂದು ಅವನು ಕಾದ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ, ಇನ್ನೂ ಹತ್ತಿರಕ್ಕೆ ಜರುಗಿ, "ಹೆಂಗ್ ಬಿದ್ದೆ?" ಎಂದು ಕೇಳಿದಳು. ಕಣ್ಣುಗಳು ಅರಳಿದ್ದವು.

"ಒದ್ದೆ ಮರಳಲ್ಲಿ ಚೆನ್ನಾಗೇ ಹೋಗ್ತಿತ್ತು. ಸ್ನೇಹಿತರೆಲ್ಲ ನೋಡ್ತಿದ್ರಲ್ಲ, ಇನ್ನೂ ದೂರ ಹೋಗ್ಬೇಕು ಅಂತ ಆಸೆ ಆಯ್ತು" ಎಂದಳು ದಿವ್ಯ. ಅವಸರವಿಲ್ಲದೆ, ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತ ಹೇಳಿದಳು. "ಮುಂದೆ ಮರಳು ಮೆದು ಇದೆ, ಬೇಡ ಅಂತ ಹಿಂದಿಂದ ಹೇಳಿದ್ದು ಕೇಳಿಸ್ತು. ಕೇಳಿಸ್ದೇ ಇರೋ ಥರ ಮಾಡ್ದೆ. ಮುಂದಿನ ಚಕ್ರ ಹೂತ್ಕೊಂಡ್ತು. ಆಗ ಬ್ರೇಕ್ ಹಿಡೀಬಾರ್ದು ಅತ್ತೆ. ಹೆದ್ರಿ ಹಿಡಿದ್ಬಿಟ್ಟೆ."

"ಅಯ್ಯಪ್ಪ! ಆಮೇಲೆ?"

"ಕಾಲು ಗಾಡಿ ಕೆಳಗೆ ಸಿಕ್ಕಾಕ್ಕೊಂಡ್ತು. ಅಲೆ ಬಂದು ಮೈಮೇಲೆ ಹೋಯ್ತು. ಸತ್ತೇ ಹೋದೆ ಅನ್ಕೊಂಡು, ಅಮ್ಮಾ ಅಂತ ಕೂಗ್ಬಿಟ್ಟೆ. ಸಣ್ಣ ಮಗು ಥರ."

"ನಿಮ್ಮಮ್ಮನ್ನ ನೆನೆಸ್ಕೊಂಡೆ ಅನ್ನು."

"ಇಲ್ಲ ಅತ್ತೆ" ಎಂದಳು ದಿವ್ಯ. "ನಿಮ್ಮನ್ನೇ."

ಪಟಾಲಮ್ಮ ತುಪ್ಪದ ಡಬ್ಬಿಗೆ ಕೈಚಾಚಿ, ಮಗನ ತಟ್ಟೆಯ ಮೇಲಿಂದಲೇ ಕೈ ದಾಟಿಸಿ, ಸೊಸೆಯ ಮುದ್ದೆಯ ಮೇಲೆ ಒಂದು ಚಮಚ ಹಾಕಿದಳು. ಯೋಚಿಸಿ ಇನ್ನೊಂದು ಹಾಕಿದಳು. ಪ್ರೇಮ್‌ಕುಮಾರನ ಕಿವಿಯಲ್ಲಿ ಆ ಅಲೆಯ ಸದ್ದು ತುಂಬಿತು. ಬಾಯಲ್ಲಿ ಉಪ್ಪು, ಮೀನಖಂಡದ ಮೇಲೆ ಸೈಲೆನ್ಸರಿನ ಬಿಸಿ, ತನ್ನದೇ ಕೂಗು, ತನ್ನ ಮೇಲಿಂದ ಗಾಡಿಯನ್ನು ಎತ್ತುವಾಗ ಕಣ್ಣೆದುರು ಊರಿ ನಿಂತಿದ್ದ ಅವಳ ಎರಡು ಬರಿಗಾಲು. ಎಲ್ಲವೂ ಇದ್ದದ್ದು ಇದ್ದ ಹಾಗೇ ಇತ್ತು. ಅವನದು ಅನ್ನುವುದು ಮಾತ್ರ ಅದರಲ್ಲಿ ಇರಲಿಲ್ಲ.

"ಎದ್ದ ಮೇಲೆ ಅಳು ಬಂತು" ಎಂದು ದಿವ್ಯ ಮುಂದುವರಿಸಿದಳು. "ಯಾರಿಗೂ ಗೊತ್ತಾಗ್ಬಾರ್ದು ಅಂತ ಸಮುದ್ರದ ನೀರಲ್ಲಿ ಮುಖ ತೊಳ್ಕೊಂಡೆ."

"ಅಮ್ಮಾ, ಅದು..." ಎಂದು ಪ್ರೇಮ್‌ಕುಮಾರ್ ಬಾಯಿ ಹಾಕಿದ.

"ನೀನ್ ಸುಮ್ನಿರೋ" ಎಂದಳು ಪಟಾಲಮ್ಮ, ಅವನ ಕಡೆ ತಿರುಗದೆ. "ಬಿದ್ದೋಳು ಹೇಳ್ಲಿ."